ಸರ್ ಥಾಮಸ್ ಮನ್ರೋ ಮತ್ತು ಜಮೀನಿನ ದಾಖಲೆಗಳು

ಪಹಣಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಜಮೀನಿನ ವಿಸ್ತೀರ್ಣವನ್ನು ಎಕರೆ ಮತ್ತು ಗುಂಟೆಗಳಲ್ಲಿ ನಮೂದಿಸಿರುವುದನ್ನು ಗಮನಿಸಿರುತ್ತಾರೆ. 33 ಅಡಿ ಉದ್ದ, 33 ಅಡಿ ಅಗಲದ ಚದರವೇ ಒಂದು ಗುಂಟೆ. ಅಂತಹ 40 ಸೇರಿದರೆ ಒಂದು ಎಕರೆ. ಇದೇ 33 ಅಡಿಯ ಸರಪಳಿಯಿಂದ ಬಳ್ಳಾರಿ ಸೀಮೆಯ ಹೊಲಗಳನ್ನು ಅಳತೆ ಮಾಡಿಸಿದವರು ಸರ್ ಥಾಮಸ್ ಮನ್ರೋ.

ಶ್ರೀಯುತರು 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. 1780ರಲ್ಲಿ ಸೈನಿಕರಾಗಿ ಮದರಾಸಿಗೆ ಬಂದು, 1792ರಿಂದ ಬಾರಾಮಹಲ್ ಪ್ರಾಂತ್ಯದಲ್ಲಿ ಅಲೆಕ್ಸಾಂಡರ್ ರೀಡ್ ಅವರ ಕೈಕೆಳಗೆ ಕಂದಾಯದ ಕೆಲಸ ಕಲಿತರು. 1799ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರರಾಗಿ ನೇಮಕಗೊಂಡರು. ಅಲ್ಲಿ ಶಾನುಭೋಗರ ಬಳಿ ಉಳಿದಿದ್ದ ಹಳೆಯ ಲೆಕ್ಕಗಳನ್ನು ಪರಿಶೀಲಿಸಿ, ವಿಜಯನಗರದ ಕಾಲದಿಂದ ಕಂದಾಯವು ಬೆಳೆದುಬಂದ ಬಗೆಯನ್ನೂ ಭೂಮಿಯು ವಂಶಪಾರಂಪರ್ಯ ಸ್ವತ್ತಾಗಿರುವುದನ್ನೂ ಸರ್ಕಾರಕ್ಕೆ ವರದಿ ಮಾಡಿದರು. ಲೆಕ್ಕದ ಪುಸ್ತಕಗಳು ಉಳಿದಿರದಿದ್ದಲ್ಲಿ ರೈತರ ಹಕ್ಕಿಗೆ ಅಂತಹ ಆಧಾರ ದೊರೆಯುತ್ತಿರಲಿಲ್ಲ.

1800ರಲ್ಲಿ ನಿಜಾಮರು ಬಿಟ್ಟುಕೊಟ್ಟ ಬಳ್ಳಾರಿ, ಕಡಪ ಮುಂತಾದ ಸೀಮೆಗಳಿಗೆ ಮನ್ರೋ ಅವರು ಪ್ರಧಾನ ಕಲೆಕ್ಟರರಾದರು. ಇಲ್ಲಿ ಪ್ರತಿ ಹೊಲವನ್ನೂ ಅಳೆದು, ಸಾಗುವಳಿದಾರನ ಹೆಸರಿನೊಡನೆ ದಾಖಲಿಸಲಾಯಿತು. ಒಬ್ಬರು ಅಳೆದುದನ್ನು ಮತ್ತೊಬ್ಬರು ಪರೀಕ್ಷಿಸುವ ಏರ್ಪಾಡಿತ್ತು. ಮಣ್ಣಿನ ದರ್ಜೆಯನ್ನು ಗೌಡರು, ಕರಣಿಕರು ಹಾಗೂ ರೈತರ ಸಮ್ಮುಖದಲ್ಲಿ ಗೊತ್ತುಪಡಿಸಿ, ತಕರಾರುಗಳನ್ನು ಕಚೇರಿಯಲ್ಲಿ ಆಲಿಸಲಾಗುತ್ತಿತ್ತು.

ಆದಾಗ್ಯೂ ಅಳತೆ ಸರಿಯಿದ್ದ ಮಾತ್ರಕ್ಕೆ ಕಂದಾಯ ಸರಿಯಾಗಲಿಲ್ಲ. ಪುಸ್ತಕದಲ್ಲಿ ಬರೆದ ದರವು ರೈತರಿಗೆ ಹೊರೆಯಾಗಿತ್ತು. ಇದನ್ನು ಮನ್ರೋ ಅವರೇ ಮನಗಂಡು, 1807ರಲ್ಲಿ ಶೇಕಡಾ 25ರಷ್ಟು ಇಳಿಸುವಂತೆ ಶಿಫಾರಸು ಮಾಡಿದರು. ತಾವೇ ನಿಗದಿಪಡಿಸಿದ ದರವನ್ನು ತಾವೇ ತಿದ್ದಲು ಮುಂದಾದ ಅಧಿಕಾರಿಗಳು ಅಂದಿಗೂ ವಿರಳವೇ. ಸರ್ಕಾರವು ಅದನ್ನು ಒಪ್ಪದೆ, ಗ್ರಾಮಗಳನ್ನು ಗುತ್ತಿಗೆಗೆ ನೀಡಿತು. ಗುತ್ತಿಗೆದಾರರಲ್ಲಿ ಅನೇಕರು ನಷ್ಟಕ್ಕೀಡಾದರು. 1820ರಲ್ಲಿ ಮನ್ರೋ ಅವರು ಮದರಾಸಿನ ಗವರ್ನರರಾದ ನಂತರವೇ ಈ ಇಳಿಕೆಯು ಜಾರಿಗೆ ಬಂದಿತು. ಅಷ್ಟರಲ್ಲಿ 13 ವರ್ಷಗಳು ಕಳೆದಿದ್ದವು.

ಸ್ವದೇಶಕ್ಕೆ ಮರಳುವ ಮುನ್ನ ತಾವು ಅಳೆಯಿಸಿದ ಸೀಮೆಯನ್ನು ಮತ್ತೊಮ್ಮೆ ಕಾಣಲು ಹೊರಟ ಅವರು, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ರೋಗದಿಂದ ನಿಧನರಾದರು. ಅವರನ್ನು ಗುತ್ತಿಯಲ್ಲಿ ಸಮಾಧಿ ಮಾಡಿ, 1831ರಲ್ಲಿ ಪಾರ್ಥಿವ ಅವಶೇಷಗಳನ್ನು ಮದರಾಸಿಗೆ ಸಾಗಿಸಲಾಯಿತು.