ಉಗಿಯಂತ್ರದ ಮಿತಿ ಕಂಡ ಕಾರ್ನೊ

ಭೌತಶಾಸ್ತ್ರದ ಪುಸ್ತಕದಲ್ಲಿ 'ಕಾರ್ನಾಟ್ ಇಂಜಿನ್' ಓದಿ, ಸೂತ್ರ ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದವರು ನಮ್ಮಲ್ಲಿ ಬಹಳ ಮಂದಿ. ಆ ಹೆಸರನ್ನೇ ನಾವು ಸರಿಯಾಗಿ ಹೇಳುವುದಿಲ್ಲ. ಫ್ರೆಂಚರ ಬಾಯಲ್ಲಿ ಅದು ಕಾರ್ನೊ.

ಸಾದಿ ಕಾರ್ನೊ ಹುಟ್ಟಿದ್ದು 1796ರ ಜೂನ್ 1ರಂದು, ಪ್ಯಾರಿಸ್‌ನಲ್ಲಿ. ಮಗನಿಗೆ ಪರ್ಷಿಯಾದ ಕವಿಯ ಹೆಸರಿಟ್ಟ ಅಪ್ಪ ಲಾಜಾರ್ ಗಣಿತಜ್ಞ, ಕ್ರಾಂತಿಕಾಲದ ಫ್ರೆಂಚ್ ಸೇನೆಯನ್ನು ಕಟ್ಟಿದವನು. 16ಕ್ಕೇ ಎಕೋಲ್ ಪಾಲಿಟೆಕ್ನಿಕ್ ಸೇರಿದ ಮಗ ಸೇನೆಯಲ್ಲಿ ಇಂಜಿನಿಯರ್ ಆದ. 1815ರಲ್ಲಿ ನೆಪೋಲಿಯನ್ ಬಿದ್ದ, ಅಪ್ಪ ಗಡಿಪಾರಾದ. ಅಲ್ಲಿಯವರೆಗೆ ಗೌರವ ತರುತ್ತಿದ್ದ ಮನೆತನದ ಹೆಸರೇ ಮಗನಿಗೆ ಹೊರೆಯಾಯಿತು.

ಆಗ ಉಗಿಯಂತ್ರದಲ್ಲಿ ಇಂಗ್ಲೆಂಡಿನದೇ ಮೇಲುಗೈ. ಆದರೂ ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ಬಹುಪಾಲು ವ್ಯರ್ಥ. ಉಳಿದವರು ಕವಾಟ, ಸಿಲಿಂಡರ್ ತಿದ್ದುತ್ತಿದ್ದರೆ ಕಾರ್ನೊ ಬೇರೆಯದೇ ಪ್ರಶ್ನೆ ಹಿಡಿದ: ಎಷ್ಟು ತಿದ್ದಿದರೂ ದಾಟಲಾಗದ ಮಿತಿಯೊಂದು ಇದೆಯೇ?

ಇದೆ ಎಂದು 1824ರಲ್ಲಿ ಪುಟ್ಟ ಪುಸ್ತಕ ಬರೆದ. ಆಗ ಅವನಿಗೆ 28. ನೀರು ಮೇಲಿಂದ ಬಿದ್ದು ಚಕ್ರ ತಿರುಗಿಸುವಂತೆ ಶಾಖವೂ ಬಿಸಿಯಿಂದ ತಂಪಿಗೆ ಇಳಿಯುವಾಗಲೇ ಕೆಲಸ ಮಾಡುತ್ತದೆ. ಒಳಗಿರುವುದು ಉಗಿಯೋ ಗಾಳಿಯೋ ಮುಖ್ಯವಲ್ಲ, ಎರಡು ಕಡೆಯ ಉಷ್ಣತೆಯಷ್ಟೇ ಲೆಕ್ಕಕ್ಕೆ. ಇಂದಿನ ಸೂತ್ರದಲ್ಲಿ ನೋಡಿ: ಬಿಸಿಯ ಕಡೆ 100 ಡಿಗ್ರಿ ಸೆಲ್ಸಿಯಸ್, ತಂಪಿನ ಕಡೆ 27 ಇದ್ದರೆ, ಎಂಥ ಜಾಣ ಕಟ್ಟಿದ ಯಂತ್ರವಾದರೂ ಶಾಖದ ಶೇ 20ಕ್ಕಿಂತ ಹೆಚ್ಚನ್ನು ಕೆಲಸವಾಗಿಸದು. ತಮಾಷೆಯೆಂದರೆ, ಶಾಖ ಒಂದು ದ್ರವ, ಕೆಲಸ ಮಾಡಿದರೂ ಅದು ಕಡಿಮೆಯಾಗದು ಎಂಬ ಅಂದಿನ ತಪ್ಪು ನಂಬಿಕೆಯ ಮೇಲೆ ಅವನು ಇದನ್ನೆಲ್ಲ ಕಟ್ಟಿದ್ದು. ತಳಪಾಯ ಹೋಯಿತು, ಮನೆ ನಿಂತಿತು!

ಅಚ್ಚಾದದ್ದು 600 ಪ್ರತಿ. ಓದಿದವರು ವಿರಳ. 1832ರ ಆಗಸ್ಟ್ 24ರಂದು ಕಾಲರಾ ಅವನನ್ನು ಕೊಂಡೊಯ್ದಾಗ ವಯಸ್ಸು 36. ಸೋಂಕಿನ ಭಯಕ್ಕೆ ಅವನ ಕಾಗದಪತ್ರಗಳಲ್ಲೂ ಬಹುಪಾಲು ನಾಶವಾದವು.

ಎರಡು ವರ್ಷದ ಬಳಿಕ ಕ್ಲಾಪೆರಾನ್ ಎಂಬ ಇಂಜಿನಿಯರ್ ಆ ವಿಚಾರವನ್ನು ಗಣಿತದ ಭಾಷೆಯಲ್ಲಿ ಬರೆಯದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತೇನೋ. ಅದನ್ನೋದಿದ ತರುಣ ವಿಲಿಯಂ ಥಾಮ್ಸನ್ 1845ರಲ್ಲಿ ಪ್ಯಾರಿಸ್‌ನ ಅಂಗಡಿ ಅಂಗಡಿ ಅಲೆದರೂ ಮೂಲ ಪುಸ್ತಕ ಸಿಗಲಿಲ್ಲ. ಕಾರ್ನೊನ ವಿಚಾರದ ಮೇಲೆಯೇ 1848ರಲ್ಲಿ ಅವನು ಉಷ್ಣತೆಯ ಹೊಸ ಮಾಪಕ ರೂಪಿಸಿದ. ಮುಂದೆ ಲಾರ್ಡ್ ಕೆಲ್ವಿನ್ ಆದವನು ಈತನೇ.

ಅಳಿದುಳಿದ ಟಿಪ್ಪಣಿಗಳನ್ನು ತಮ್ಮ ಇಪೊಲಿಟ್ 1878ರಲ್ಲಿ ಪ್ರಕಟಿಸಿದ. ಶಾಖ ದ್ರವವಲ್ಲ, ಚಲನೆ ಎಂದು ಕಾರ್ನೊ ಅದರಲ್ಲಿ ಬರೆದುಕೊಂಡಿದ್ದ. ಇಷ್ಟು ಶಾಖಕ್ಕೆ ಇಷ್ಟು ಕೆಲಸ ಎಂಬ ಲೆಕ್ಕವನ್ನೂ ಜೂಲ್‌ಗಿಂತ ಮೊದಲೇ ಅಂದಾಜು ಮಾಡಿಟ್ಟಿದ್ದ.