ಸವಾಯಿ ಗಂಧರ್ವ

ಸವಾಯಿ ಗಂಧರ್ವ (ಜನನ: 19 ಜನವರಿ 1886, ಕುಂದಗೋಳ, ಮರಣ: 12 ಸೆಪ್ಟೆಂಬರ್ 1952, ಪುಣೆ) ಅವರು ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಪ್ರಮುಖ ಗಾಯಕರು ಮತ್ತು ಮರಾಠಿ ಸಂಗೀತ ನಾಟಕಗಳ ಹೆಸರಾಂತ ನಟರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು, ಫಿರೋಜ್ ದಸ್ತೂರ್ ಮೊದಲಾದವರ ಗುರುಗಳು. ಅವರ ಮೂಲ ಹೆಸರು ರಾಮಚಂದ್ರ ಗಣೇಶ ಸಂಶಿ. ಆಪ್ತರು ಅವರನ್ನು ರಾಮಭಾವು ಎಂದು ಕರೆಯುತ್ತಿದ್ದರು. ಊರಿನ ಹೆಸರಿನಿಂದ ರಾಮಭಾವು ಕುಂದಗೋಳಕರ ಎಂದೂ ಪರಿಚಿತರಾಗಿದ್ದರು. ರಂಗಭೂಮಿಯಲ್ಲಿ ದೊರೆತ ಬಿರುದೇ ಮುಂದೆ ಅವರ ಹೆಸರಾಗಿ ಉಳಿಯಿತು. ಅವರ ಸ್ಮರಣೆಗಾಗಿ 1953ರಲ್ಲಿ ಪುಣೆಯಲ್ಲಿ ಆರಂಭವಾದ ಸಂಗೀತ ಮಹೋತ್ಸವವು ಇಂದು ಭಾರತದ ಅತಿ ಪ್ರಸಿದ್ಧ ಶಾಸ್ತ್ರೀಯ ಸಂಗೀತೋತ್ಸವಗಳಲ್ಲಿ ಒಂದಾಗಿದೆ.

ಹಿನ್ನೆಲೆ ಮತ್ತು ಬಾಲ್ಯ

ಕುಟುಂಬದ ಅಡ್ಡಹೆಸರಾದ ಸಂಶಿ ಎಂಬುದು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಒಂದು ಗ್ರಾಮದ ಹೆಸರು. ಈ ಗ್ರಾಮವು ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಕುಂದಗೋಳದ ನಂತರ ಬರುತ್ತದೆ. ಮರಾಠಿ ಬರಹಗಳಲ್ಲಿ ಈ ಹೆಸರು ಸೌಂಶಿ ಎಂದು ಕಾಣಿಸಿಕೊಳ್ಳುತ್ತದೆ. ತಂದೆ ಗಣೇಶ ಸಂಶಿಯವರು ಗುಮಾಸ್ತರಾಗಿದ್ದರು. ಕುಟುಂಬಕ್ಕೆ ಕುಂದಗೋಳದ ನಾಡಗೀರ ಮನೆತನದ ಆಶ್ರಯವಿತ್ತು. ಈ ಮನೆತನದ ವಾಡೆಯಲ್ಲಿ ಸಂಗೀತಗಾರರಿಗೆ ಸದಾ ಸ್ವಾಗತವಿತ್ತು.

ಆಗ ಕುಂದಗೋಳವು ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸುತ್ತಲಿನ ಧಾರವಾಡ ಸೀಮೆಯು ಮುಂಬಯಿ ಪ್ರಾಂತದ ಭಾಗವಾಗಿತ್ತು. ಜನರ ಮಾತು ಕನ್ನಡವಾಗಿದ್ದರೂ ಆಡಳಿತ, ಶಿಕ್ಷಣ ಮತ್ತು ರಂಗಭೂಮಿಯಲ್ಲಿ ಮರಾಠಿಯ ಪ್ರಭಾವ ಗಾಢವಾಗಿತ್ತು. ಮಿರಜ, ಪುಣೆಗಳ ಕಡೆಯಿಂದ ನಾಟಕ ಮಂಡಳಿಗಳೂ ಗಾಯಕರೂ ರೈಲಿನಲ್ಲಿ ಹುಬ್ಬಳ್ಳಿ, ಧಾರವಾಡಗಳಿಗೆ ಬಂದುಹೋಗುತ್ತಿದ್ದರು. ಈ ಸೀಮೆಯಲ್ಲಿ ಹಿಂದೂಸ್ತಾನಿ ಸಂಗೀತ ಬೇರೂರಲು ಇದು ಮುಖ್ಯ ಕಾರಣವಾಯಿತು.

ರಾಮಭಾವು ಅವರು ಕುಂದಗೋಳದಲ್ಲಿ ಪ್ರಾಥಮಿಕ ಶಿಕ್ಷಣ ಮುಗಿಸಿ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಸೇರಿದರು. ನಿತ್ಯವೂ ರೈಲಿನಲ್ಲಿ ಹೋಗಿಬರುತ್ತಿದ್ದರು. ಪಾಠಗಳಲ್ಲಿ ಅವರಿಗೆ ಹೆಚ್ಚಿನ ಆಸಕ್ತಿ ಇರಲಿಲ್ಲ. ಪದ್ಯಗಳನ್ನು ಕಂಠಪಾಠ ಮಾಡಿ ಹಾಡುವುದರಲ್ಲಿ ಮಾತ್ರ ಚುರುಕಾಗಿದ್ದರು. ಇದನ್ನು ಗಮನಿಸಿದ ತಂದೆ ಅವರನ್ನು ಬಳವಂತರಾವ್ ಕೊಲ್ಹಟಕರರ ಬಳಿ ಸಂಗೀತ ಕಲಿಯಲು ಬಿಟ್ಟರು. ಅಲ್ಲಿ ಧ್ರುಪದ, ತರಾನಾ ಮತ್ತು ತಾಳಗಳ ಮೊದಲ ಶಿಕ್ಷಣ ದೊರೆಯಿತು.

ಅಬ್ದುಲ್ ಕರೀಂ ಖಾನರ ಶಿಷ್ಯತ್ವ

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಉತ್ತರ ಪ್ರದೇಶದ ಕೈರಾನಾದವರು. ಮಿರಜಿನಲ್ಲಿ ನೆಲೆಸಿದ ಅವರು ದಕ್ಷಿಣದ ಪ್ರವಾಸಗಳಲ್ಲಿ ಕುಂದಗೋಳದ ನಾಡಗೀರರ ಆತಿಥ್ಯ ಸ್ವೀಕರಿಸುತ್ತಿದ್ದರು. ಅವರ ಗಾಯನಕ್ಕೆ ಮಾರುಹೋದ ರಾಮಭಾವು ಶಿಷ್ಯರಾಗಲು ಬಯಸಿದರು. ಎಂಟು ವರ್ಷ ತಮ್ಮ ಬಳಿಯೇ ಇದ್ದು ಕಲಿಯಬೇಕೆಂಬ ಶರತ್ತಿನ ಮೇಲೆ ಉಸ್ತಾದರು ಒಪ್ಪಿದರೆಂಬುದು ಪ್ರಸಿದ್ಧವಾಗಿದೆ.

ಈ ಶಿಕ್ಷಣ ಸುಲಭವಾಗಿರಲಿಲ್ಲ. ಹರೆಯದಲ್ಲಿ ರಾಮಭಾವು ಅವರ ಧ್ವನಿ ಒಡೆದು ಒರಟಾಯಿತು. ಗುರುವಿನ ಕಂಠದಲ್ಲಿದ್ದ ಸಹಜ ಮಾಧುರ್ಯ ಶಿಷ್ಯನಿಗೆ ದೊರೆತಿರಲಿಲ್ಲ. ಒಂದೊಂದು ಸ್ವರವನ್ನೂ ದೀರ್ಘಕಾಲ ಸಾಧಿಸುತ್ತ ಅವರು ಧ್ವನಿಯನ್ನು ಹದಕ್ಕೆ ತಂದುಕೊಂಡರು. ಮುಂದೆಯೂ ಕಛೇರಿಯ ಆರಂಭದಲ್ಲಿ ಅವರ ಕಂಠ ತೆರೆದುಕೊಳ್ಳಲು ಸ್ವಲ್ಪ ಸಮಯ ಬೇಕಾಗುತ್ತಿತ್ತು. ಒಮ್ಮೆ ಕಂಠ ತೆರೆದ ಬಳಿಕ ಗಾಯನ ಏರುತ್ತ ಹೋಗುತ್ತಿತ್ತು.

ರಂಗಭೂಮಿ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮರಾಠಿ ಸಂಗೀತ ರಂಗಭೂಮಿ ಉಚ್ಛ್ರಾಯ ಸ್ಥಿತಿಯಲ್ಲಿತ್ತು. ಸ್ತ್ರೀಯರು ರಂಗಕ್ಕೆ ಬರುವ ರೂಢಿ ಇರಲಿಲ್ಲವಾದ್ದರಿಂದ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ನಾಯಕಿಯ ಪಾತ್ರಧಾರಿಗೆ ರಾಗಸಂಗೀತದ ತಯಾರಿ ಅನಿವಾರ್ಯವಾಗಿತ್ತು. ರಾಮಭಾವು ಗುರುವಿನ ಇಚ್ಛೆಗೆ ವಿರುದ್ಧವಾಗಿ ನಾಟಕ ಮಂಡಳಿಯನ್ನು ಸೇರಿದರು. ನಾಟ್ಯಕಲಾ ಪ್ರವರ್ತಕ ಸಂಗೀತ ಮಂಡಳಿಯ ನಾಟಕಗಳಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿ ಅಪಾರ ಜನಪ್ರಿಯತೆ ಗಳಿಸಿದರು. ಅಣ್ಣಾಸಾಹೇಬ ಕಿರ್ಲೋಸ್ಕರರ ಸೌಭದ್ರ ನಾಟಕದ ಸುಭದ್ರೆಯ ಪಾತ್ರ ಅವರಿಗೆ ವಿಶೇಷ ಹೆಸರು ತಂದಿತು.

ಆ ಕಾಲದ ಅತ್ಯಂತ ಪ್ರಸಿದ್ಧ ಸ್ತ್ರೀಪಾತ್ರಧಾರಿ ಬಾಲಗಂಧರ್ವ ಎಂಬ ಬಿರುದಿನ ನಾರಾಯಣರಾವ್ ರಾಜಹಂಸರು (1888–1967). ಸವಾಯಿ ಎಂದರೆ ಒಂದೂಕಾಲು ಪಟ್ಟು. ಅಮರಾವತಿಯಲ್ಲಿ ರಾಮಭಾವು ಅವರ ಗಾಯನವನ್ನು ಕೇಳಿ ಮೆಚ್ಚಿದ ದಾದಾಸಾಹೇಬ ಖಾಪರ್ಡೆಯವರು, ಗಂಧರ್ವರಿಗಿಂತ ಕಾಲುಭಾಗ ಹೆಚ್ಚಿನವರೆಂಬ ಅರ್ಥದಲ್ಲಿ, ಸವಾಯಿ ಗಂಧರ್ವ ಎಂಬ ಬಿರುದನ್ನು ನೀಡಿದರೆಂದು ಹೇಳಲಾಗುತ್ತದೆ.

ರಂಗಭೂಮಿಯ ವರ್ಷಗಳು ಅವರಿಗೆ ಕೀರ್ತಿಯನ್ನು ತಂದರೂ ಧ್ವನಿಯ ಮೇಲೆ ಹೆಚ್ಚಿನ ಭಾರ ಹೊರಿಸಿದವು. 1931ರಲ್ಲಿ ವಾಕ್ಚಿತ್ರಗಳು ಬಂದ ಬಳಿಕ ಸಂಗೀತ ನಾಟಕ ಮಂಡಳಿಗಳು ಒಂದೊಂದಾಗಿ ಕ್ಷೀಣಿಸಿದವು. ಸವಾಯಿ ಗಂಧರ್ವರು ಕಛೇರಿ ಗಾಯನ ಮತ್ತು ಬೋಧನೆಯಲ್ಲಿ ತಮ್ಮ ಬದುಕಿನ ಮುಂದಿನ ದಾರಿಯನ್ನು ಕಂಡುಕೊಂಡರು.

ಗಾಯನ ಶೈಲಿ

ಕಿರಾಣಾ ಪದ್ಧತಿಯಲ್ಲಿ ಸ್ವರದ ಶುದ್ಧತೆಗೂ ವಿಲಂಬಿತ ಲಯದ ಆಲಾಪಕ್ಕೂ ಪ್ರಾಧಾನ್ಯವಿದೆ. ರಾಗವನ್ನು ಒಂದೊಂದೇ ಸ್ವರದಿಂದ ಕ್ರಮವಾಗಿ ಬೆಳೆಸುವ ಈ ವಿಧಾನವನ್ನು ಸವಾಯಿ ಗಂಧರ್ವರು ನಿಷ್ಠೆಯಿಂದ ಉಳಿಸಿಕೊಂಡರು. ಅದಕ್ಕೆ ತಮ್ಮದೇ ಆದ ಗಾಂಭೀರ್ಯವನ್ನು ಸೇರಿಸಿದರು. ಖ್ಯಾಲ್ ಜೊತೆಗೆ ಠುಮರಿ ಮತ್ತು ನಾಟ್ಯಗೀತೆಗಳನ್ನೂ ಹಾಡುತ್ತಿದ್ದರು. ಅವರ ಗಾಯನದ ಹಲವು ಗ್ರಾಮಫೋನ್ ಮುದ್ರಿಕೆಗಳು ಉಳಿದಿವೆ. ಆ ಕಾಲದ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷಗಳಷ್ಟು ಮಾತ್ರ ಧ್ವನಿಮುದ್ರಣ ಸಾಧ್ಯವಿದ್ದುದರಿಂದ ಗಂಟೆಗಟ್ಟಲೆ ಬೆಳೆಯುತ್ತಿದ್ದ ಅವರ ಆಲಾಪದ ಪೂರ್ಣ ಸ್ವರೂಪ ಅವುಗಳಲ್ಲಿ ಸಿಗುವುದಿಲ್ಲ. ಅವರ ಪದ್ಧತಿಯು ಮುಖ್ಯವಾಗಿ ಶಿಷ್ಯರ ಗಾಯನದ ಮೂಲಕವೇ ಮುಂದಿನ ತಲೆಮಾರಿಗೆ ತಲುಪಿತು.

ಶಿಷ್ಯ ಪರಂಪರೆ

1930ರ ದಶಕದ ಉತ್ತರಾರ್ಧದಲ್ಲಿ ಕುಂದಗೋಳದ ಅವರ ಮನೆ ಗುರುಕುಲವಾಯಿತು. ಗದಗಿನ ಕಡೆಯಿಂದ ಬಂದ ಭೀಮಸೇನ ಜೋಶಿಯವರು ಗುರುಗೃಹದಲ್ಲೇ ನೆಲೆಸಿ, ನೀರು ಹೊರುವುದೇ ಮೊದಲಾದ ಮನೆಗೆಲಸ ಮಾಡುತ್ತ ಕಲಿತರು. ಅವರಿಗೆ ಆರಂಭದಲ್ಲಿ ತೋಡಿ, ಮುಲ್ತಾನಿ ಮತ್ತು ಪೂರಿಯಾ ರಾಗಗಳ ದೀರ್ಘ ಶಿಕ್ಷಣ ದೊರೆಯಿತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಾಠ ಮುಗಿಸಿ ರಾತ್ರಿ ಹಿಂದಿರುಗುತ್ತಿದ್ದರು. ಒಂದು ಸ್ವರಗುಚ್ಛವು ತೃಪ್ತಿಕರವಾಗಿ ಮೂಡುವವರೆಗೆ ಗುರುಗಳು ಅದನ್ನೇ ಮತ್ತೆ ಮತ್ತೆ ಹಾಡಿಸುತ್ತಿದ್ದರು.

ಕುಂದಗೋಳ ತಾಲ್ಲೂಕಿನ ಯಲಿವಾಳದವರಾದ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಬಳಿಯ ಶಿಕ್ಷಣದ ನಂತರ ಇವರಿಂದಲೂ ಮಾರ್ಗದರ್ಶನ ಪಡೆದರು. ಮುಂಬಯಿಯ ಪಾರಸಿ ಗಾಯಕ ಫಿರೋಜ್ ದಸ್ತೂರರು 1933ರ ಲಾಲ್-ಎ-ಯಮನ್ ಚಲನಚಿತ್ರದ ಬಾಲನಟ. ಮುಂದೆ ಸವಾಯಿ ಗಂಧರ್ವರ ಪ್ರಮುಖ ಶಿಷ್ಯರಾದರು. ಈ ಶಿಷ್ಯರಲ್ಲಿ ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ, ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾದವು.

ಕೊನೆಯ ದಿನಗಳು

1940ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಬಡಿದು ಸವಾಯಿ ಗಂಧರ್ವರ ಗಾಯನ ನಿಂತುಹೋಯಿತು. ದೇಹ ಸೋತ ಬಳಿಕ ಅವರ ಶಿಕ್ಷಣದ ಫಲ ಶಿಷ್ಯರ ಕಛೇರಿಗಳಲ್ಲಿ ಕಾಣತೊಡಗಿತು. 1946ರಲ್ಲಿ ಪುಣೆಯಲ್ಲಿ ನಡೆದ ಅವರ ಷಷ್ಟ್ಯಬ್ದಿ ಸಮಾರಂಭದಲ್ಲಿ ಹಾಡಿದ ಭೀಮಸೇನ ಜೋಶಿಯವರು ಅಲ್ಲಿಂದ ಪ್ರಸಿದ್ಧಿಗೆ ಬಂದರು. 1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ನಿಧನರಾದರು. ಅವರ ಮೊಮ್ಮಗ ಶ್ರೀಕಾಂತ ದೇಶಪಾಂಡೆಯವರೂ ಕಿರಾಣಾ ಘರಾಣೆಯ ಗಾಯಕರಾಗಿದ್ದರು.

ಸ್ಮರಣೋತ್ಸವಗಳು

1953ರಲ್ಲಿ ಮೊದಲ ಪುಣ್ಯತಿಥಿಯ ನಿಮಿತ್ತ ಆರ್ಯ ಸಂಗೀತ ಪ್ರಸಾರಕ ಮಂಡಳವು ಪುಣೆಯಲ್ಲಿ ಸಂಗೀತ ಕಾರ್ಯಕ್ರಮವನ್ನು ಏರ್ಪಡಿಸಿತು. ಭೀಮಸೇನ ಜೋಶಿಯವರು ದಶಕಗಳ ಕಾಲ ಇದರ ಸಂಘಟನೆಯ ಹೊಣೆ ಹೊತ್ತು, ವಿವಿಧ ಘರಾಣೆಗಳ ಕಲಾವಿದರನ್ನು ಒಂದೇ ವೇದಿಕೆಗೆ ಕರೆತಂದರು. ಡಿಸೆಂಬರ್ ತಿಂಗಳಲ್ಲಿ ನಡೆಯುವ ಈ ಉತ್ಸವದ ಕೊನೆಯಲ್ಲಿ ಸವಾಯಿ ಗಂಧರ್ವರ ಭೈರವಿ ರಾಗದ ಧ್ವನಿಮುದ್ರಣವನ್ನು ಕೇಳಿಸುವ ಸಂಪ್ರದಾಯವಿದೆ. 2011ರಲ್ಲಿ ಭೀಮಸೇನರು ನಿಧನರಾದ ಬಳಿಕ ಇದಕ್ಕೆ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಎಂಬ ಹೆಸರು ಬಂದಿತು.

ಕುಂದಗೋಳದ ನಾಡಗೀರ ವಾಡೆಯಲ್ಲಿಯೂ ಅವರ ಪುಣ್ಯಸ್ಮರಣೆಯ ಅಹೋರಾತ್ರಿ ಸಂಗೀತೋತ್ಸವ ನಡೆದುಬಂದಿದೆ. ಹುಬ್ಬಳ್ಳಿಯ ದೇಶಪಾಂಡೆ ನಗರದ ಸಭಾಭವನವೊಂದು ಅವರ ಹೆಸರನ್ನು ಹೊತ್ತಿದೆ. ಧಾರವಾಡ ಸೀಮೆಯು ಹಿಂದೂಸ್ತಾನಿ ಸಂಗೀತದ ಪ್ರಮುಖ ಕೇಂದ್ರವೆನಿಸಿಕೊಳ್ಳುವಲ್ಲಿ ಕುಂದಗೋಳದ ಗುರುಕುಲದ ಪಾತ್ರ ಹಿರಿದು.