ಕೇಡಗಾಂವದ ಪಂಡಿತಾ ರಮಾಬಾಯಿ

ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲುಗಾಡಿ ದೌಂಡ ದಾಟಿದ ಮೇಲೆ ಕೇಡಗಾಂವ ಎಂಬ ಸಣ್ಣ ನಿಲ್ದಾಣ ಬರುತ್ತದೆ. ನಮ್ಮ ಕಡೆಯವರು ಆ ದಾರಿಯಲ್ಲಿ ಎಷ್ಟೋ ಸಲ ಹೋಗಿ ಬಂದಿರುತ್ತಾರೆ; ಕಿಟಕಿಯಿಂದ ಹೊರಗೆ ನೋಡಿದವರು ಕಡಿಮೆ. ಸ್ವಂತದ್ದೆಂದು ಏನೂ ಉಳಿಯದ ಸಾವಿರಾರು ಹೆಣ್ಣುಮಕ್ಕಳಿಗೆ ಒಂದು ಕಾಲದಲ್ಲಿ ಅನ್ನ, ಅಕ್ಷರ, ಕಸುಬು ಮೂರನ್ನೂ ಕೊಟ್ಟ ಊರು ಅದು. ಕೊಟ್ಟವರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು ನಮ್ಮ ಕನ್ನಡ ನಾಡಿನ ಕಾಡಿನಲ್ಲಿ ಎಂಬುದು ಅನೇಕರಿಗೆ ತಿಳಿಯದು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗರೆ ಕಾರ್ಕಳದ ಬಳಿಯ ಮಾಳದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಅವರು ಸಂಸ್ಕೃತ ಕಲಿಸಿದರು. ಹೆಂಗಸಿಗೆ ದೇವಭಾಷೆಯೇ ಎಂದು ಸುತ್ತಲಿನವರು ತಕರಾರು ತೆಗೆದರು. ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಮುಂದೆ ತಮ್ಮ ಪಕ್ಷವನ್ನು ಸಮರ್ಥಿಸಿಕೊಳ್ಳಬೇಕಾಯಿತು. ಊರಿನ ಕಿರುಕುಳವೇ ಬೇಡವೆಂದು ಅವರು ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು. ನಸುಕಿನಲ್ಲಿ ತಾಯಿ ಮಗಳನ್ನು ಎಬ್ಬಿಸಿ ತೊಡೆಯ ಮೇಲೆ ಕೂಡಿಸಿಕೊಂಡು ಪಾಠ ಹೇಳುತ್ತಿದ್ದರು. ಹನ್ನೆರಡು ವರ್ಷ ತುಂಬುವುದರೊಳಗೆ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಆ ಹುಡುಗಿಗೆ ಬಾಯಿಪಾಠವಾಗಿದ್ದವು.

ಬಂದವರಿಗೆಲ್ಲ ಉಣಿಸಿ ಉಣಿಸಿ ಆಸ್ತಿ ಕರಗಿತು. ಕುಟುಂಬವು ದೇಶಸಂಚಾರಕ್ಕೆ ಹೊರಟು, ದೇವಸ್ಥಾನಗಳಲ್ಲಿ ಪುರಾಣ ಹೇಳಿ ಹೊಟ್ಟೆ ಹೊರೆಯತೊಡಗಿತು. ಆಮೇಲೆ ಬರಗಾಲ ಬಂತು. ಶಾಸ್ತ್ರಿಗಳ ಮನೆತನ, ಕೂಲಿಗೆ ಹೋಗುವ ಹಾಗಿಲ್ಲ, ಭಿಕ್ಷೆಗೆ ಕೈ ಒಡ್ಡಲು ಮನಸ್ಸಿಲ್ಲ. ಇದ್ದ ಒಡವೆ, ಪಾತ್ರೆ ಎಲ್ಲ ಮಾರಿ ಮುಗಿದ ಮೇಲೆ 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ದಿನಗಳಲ್ಲಿ ತಾಯಿಯೂ ಹಾಸಿಗೆ ಹಿಡಿದರು. ಜ್ವರದ ಮಂಪರಿನಲ್ಲಿ ಆ ತಾಯಿ ಒಂದು ತುಂಡು ಸಜ್ಜೆಯ ರೊಟ್ಟಿ ಕೇಳಿದರಂತೆ. ಹದಿನಾರರ ಹುಡುಗಿ ನೆರೆಮನೆಯ ಬಾಗಿಲಿಗೆ ಹೋಗಿ ನಿಂತಳು. ನಾಚಿಕೆಯಿಂದ ಬಾಯಿ ಬರಲಿಲ್ಲ, ಕಣ್ಣೀರು ಬಂತು. ಆ ಮನೆಯಾಕೆ ತಾನೇ ತಿಳಿದುಕೊಂಡು ರೊಟ್ಟಿ ಕೊಟ್ಟರು. ತಂದು ಕೊಟ್ಟಾಗ ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಹೆಣ ಹೊರಲು ಜನ ಸಾಲದೆ ಮಗಳೇ ಒಂದು ಕಡೆ ಹೊತ್ತರು. ಎತ್ತರ ಸಾಲದ್ದರಿಂದ ಚಟ್ಟವನ್ನು ತಲೆಯ ಮೇಲೆ ಇಟ್ಟುಕೊಂಡರು. ಮರುವರ್ಷ ಅಕ್ಕನೂ ಹೋದರು.

ಆ ರೊಟ್ಟಿಯ ತುಂಡನ್ನು, ವಿದ್ಯಾರ್ಥಿಗಳೇ, ನೀವು ನೆನಪಿನಲ್ಲಿಡಬೇಕು. ಮುಂದಿನ ಕತೆಯೆಲ್ಲ ಅದರ ಮೇಲೆ ನಿಂತಿದೆ.

ಅಣ್ಣ ಶ್ರೀನಿವಾಸ ಮತ್ತು ರಮಾ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಅಲೆದು 1878ರಲ್ಲಿ ಕಲಕತ್ತೆಗೆ ಬಂದರು. ಅಲ್ಲಿನ ವಿದ್ವಾಂಸರು ಪರೀಕ್ಷೆ ಮಾಡಿ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ ಮೇಲೆ ಅವರು ಬಿಪಿನ್ ಬಿಹಾರಿ ಎಂಬ ಬಂಗಾಲಿ ವಕೀಲರನ್ನು ಜಾತಿ ನೋಡದೆ ಮದುವೆಯಾದರು. ಮಗಳು ಮನೋರಮೆ ಹುಟ್ಟಿ ವರ್ಷ ತುಂಬುವ ಮೊದಲೇ, 1882ರ ಫೆಬ್ರುವರಿಯಲ್ಲಿ, ಪತಿಯನ್ನು ಕಾಲರಾ ಒಯ್ದಿತು. ಇಪ್ಪತ್ತಮೂರರ ವಿಧವೆ ಕೂಸನ್ನು ಎತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ಹೆಣ್ಣು ವೈದ್ಯರೂ ಬೇಕೆಂದು ಹೇಳಿದರು.

ತಾವೇ ವೈದ್ಯೆಯಾಗಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದುದರಿಂದ ಅದು ಕೈಗೂಡಲಿಲ್ಲ. ಅಲ್ಲಿ ವಾಂಟೇಜಿನ ಸನ್ಯಾಸಿನಿಯರ ಆಶ್ರಯದಲ್ಲಿದ್ದಾಗ, ದಾರಿ ತಪ್ಪಿದವರೆಂದು ಲೋಕ ದೂರವಿಟ್ಟ ಹೆಂಗಸರನ್ನು ಆ ಸೋದರಿಯರು ಮನೆಮಕ್ಕಳಂತೆ ನೋಡಿಕೊಳ್ಳುವುದನ್ನು ಕಂಡರು. ಹೀಗೇಕೆ ಮಾಡುತ್ತೀರೆಂದು ಕೇಳಿದಾಗ ಅವರು ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕತೆಯನ್ನು ಓದಿ ಹೇಳಿದರು. ಎಲ್ಲರೂ ಹಳಿಯುವ ಹೆಂಗಸಿನಿಂದ ನೀರು ಕೇಳಿ ಕುಡಿಯಲು ಹೇಸದ ಗುರು ಸಿಕ್ಕನೆಂದು ರಮಾಬಾಯಿಯವರಿಗೆ ಅನಿಸಿತು. ಅದೇ ಸಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಗುರುವನ್ನು ಬದಲಿಸಿದರೇ ಹೊರತು ಅವರು ತಮ್ಮ ನೆಲವನ್ನು ಬಿಡಲಿಲ್ಲ. ಸಸ್ಯಾಹಾರ ಬಿಡಲಿಲ್ಲ, ಬಿಳಿಯ ಸೀರೆ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ಸಂಸ್ಕೃತವೇಕೆ ಆಗಬಾರದು ಎಂದು ವಾದಿಸಿದರು. ಇದನ್ನು ನಂಬು ಎಂದು ಮೇಲಿನವರು ಆಜ್ಞೆ ಮಾಡಿದಾಗ, ತಾವು ಓದಿ ತಿಳಿದು ಒಪ್ಪಿದ್ದನ್ನಷ್ಟೇ ನಂಬುವುದಾಗಿ ಪತ್ರ ಬರೆದರು. ಆಶ್ರಯ ಕೊಟ್ಟವರಿಗೆ ಇದು ಹಿಡಿಸಲಿಲ್ಲ. ತಂದೆಯ ಹಟವೇ ಮಗಳಿಗೆ ಬಂದಿತ್ತೆಂದು ನನಗೆ ತೋರುತ್ತದೆ.

1886ರಲ್ಲಿ ಅಮೆರಿಕೆಗೆ ಹೋಗಿ, ಮೇಲುಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯ ಬಗ್ಗೆ ಪುಸ್ತಕ ಬರೆದು, ಹತ್ತು ವರ್ಷದ ಧನಸಹಾಯದ ಭರವಸೆ ಪಡೆದು ಮರಳಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭವಾಯಿತು; ಮುಂದೆ ಅದು ಪುಣೆಗೆ ಬಂತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿ ಎಂಬ ಬಾಲವಿಧವೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಕರ್ವೆಯವರು ಇವರೇ.

ಸದನದಲ್ಲಿ ಹುಡುಗಿಯರು ತಮ್ಮ ತಮ್ಮ ಆಚಾರದಂತೆ ಇರಬಹುದಿತ್ತು, ಅಡಿಗೆಗೂ ಅದರಂತೆ ಏರ್ಪಾಡಿತ್ತು. ಆದರೆ ರಮಾಬಾಯಿಯವರು ಬೆಳಿಗ್ಗೆ ಪ್ರಾರ್ಥಿಸುವಾಗ ತಮ್ಮ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂಡತೊಡಗಿದರು. ಪುಣೆಯಲ್ಲಿ ಗದ್ದಲವೆದ್ದಿತು, ಟಿಳಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಸಲಹಾ ಮಂಡಳಿ ಬಿಟ್ಟರು. ಪಾಲಕರು ಹಲವು ಹುಡುಗಿಯರನ್ನು ಕರೆದೊಯ್ದರು. ಮಕ್ಕಳನ್ನು ನಂಬಿ ಕಳಿಸಿದ ತಂದೆತಾಯಿಗಳ ಭಯವನ್ನು ಸುಳ್ಳೆನ್ನಲಾಗದು. ತಾನು ಗುಟ್ಟಾಗಿ ಪ್ರಾರ್ಥಿಸಲಾರೆನೆಂಬ ಅವರ ನಿಲುವನ್ನೂ ತೆಗೆದುಹಾಕಲಾಗದು. ಈ ಜಗಳ ಇಂದಿಗೂ ಪುಸ್ತಕಗಳಲ್ಲಿ ನಡೆದೇ ಇದೆ.

ಅಷ್ಟರಲ್ಲಿ 1896–97ರ ಬರ ಬಿದ್ದಿತು. ಮಧ್ಯಪ್ರಾಂತದಲ್ಲಿ ಜನ ಸಾಯುತ್ತಿರುವ ಸುದ್ದಿ ಬಂದಾಗ ರಮಾಬಾಯಿಯವರ ಕೈಯಲ್ಲಿ ಹಣವಿರಲಿಲ್ಲ, ಅಮೆರಿಕೆಯ ನೆರವಿನ ವಾಯಿದೆಯೂ ಮುಗಿಯುತ್ತ ಬಂದಿತ್ತು. ಆದರೂ ತಾವೇ ಹೋದರು. ಎಲುಬಿನ ಹಂದರವಾಗಿದ್ದ ಹುಡುಗಿಯರನ್ನು, ಅವರನ್ನು ಕೊಂಡೊಯ್ಯಲು ಕಾದಿದ್ದ ದುಷ್ಟರನ್ನು ಕಂಡರು. ಮುನ್ನೂರು ಮಂದಿಯನ್ನು ತರುವೆನೆಂದು ನಿಶ್ಚಯಿಸಿದರು. ಪುಣೆಯಲ್ಲಿ ಪ್ಲೇಗು, ಅಷ್ಟು ಜನರನ್ನು ಊರಲ್ಲಿ ಇಡಕೂಡದೆಂದು ಅಧಿಕಾರಿಗಳು ತಡೆದರು. ಆಗ ಕೇಡಗಾಂವದಲ್ಲಿ ಮೊದಲೇ ಕೊಂಡಿದ್ದ ಹೊಲಕ್ಕೆ ಅವರನ್ನು ಒಯ್ದು ಗುಡಿಸಲು ಹಾಕಿಸಿದರು. ಅದೇ ಮುಕ್ತಿ ಸದನ. 1900ರ ಗುಜರಾತದ ಬರದ ಹೊತ್ತಿಗೆ ಅಲ್ಲಿ ಸುಮಾರು ಎರಡು ಸಾವಿರ ಜನರಿದ್ದರು.

ಎರಡು ಸಾವಿರ ಜನಕ್ಕೆ ದಿನಕ್ಕೆ ಎಷ್ಟು ಹಿಟ್ಟು ಬೀಸಬೇಕು, ಎಷ್ಟು ನೀರು ಸೇದಬೇಕು, ಮನೆ ನಡೆಸುವ ತಾಯಂದಿರು ಲೆಕ್ಕ ಹಾಕಿ ನೋಡಬೇಕು. ಬಂದ ಮಕ್ಕಳಿಗೆ ತಲೆ ತುಂಬ ಹೇನು, ಮೈ ತುಂಬ ಹುಣ್ಣು. ಹಸಿದು ಬೆಳೆದ ಮಕ್ಕಳು ಕದಿಯುತ್ತಿದ್ದರು, ಕಚ್ಚಾಡುತ್ತಿದ್ದರು. ಅವರನ್ನು ತೊಳೆದು, ಬಾಚಿ, ಉಣಿಸಿ, ಓದಿಸುವುದೇ ರಮಾಬಾಯಿಯವರ ನಿತ್ಯದ ಪೂಜೆಯಾಯಿತು. ಬಾವಿಗಳನ್ನು ತೋಡಿಸಿದರು. ಒಕ್ಕಲುತನ, ಹೈನು, ನೇಯ್ಗೆ, ಎಣ್ಣೆಗಾಣ, ಹೊಲಿಗೆ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ಮೋಸಹೋದ ಹೆಂಗಸರಿಗೆಂದು ಕೃಪಾ ಸದನ ಬೇರೆ ಕಟ್ಟಿಸಿದರು. ವಾಂಟೇಜಿನ ಸೋದರಿಯರಲ್ಲಿ ಕಂಡದ್ದು ಇಲ್ಲಿ ಫಲಿಸಿತು. ಕುರುಡರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಮನೋರಮೆ ಕಲಿತು ಬಂದು ಕಲಿಸಿದರು. 1912ರಲ್ಲಿ ಆಗ ನಿಜಾಮರ ಸಂಸ್ಥಾನದಲ್ಲಿದ್ದ ಗುಲಬರ್ಗೆಯಲ್ಲಿ ಶಾಲೆ ತೆರೆದಾಗ ಅದರ ಹೊಣೆ ಹೊತ್ತವರೂ ಈ ಮಗಳೇ. ಹೀಗೆ ಆ ಮನೆತನದ ಋಣ ಕನ್ನಡ ನೆಲಕ್ಕೆ ಮತ್ತೆ ಸಂದಿತು.

ಮರಾಠಿ ಬೈಬಲ್ಲಿನ ಭಾಷೆ ಹಳ್ಳಿಯ ಹೆಂಗಸರಿಗೆ ಕಠಿಣವೆಂದು ಕಂಡು, ನಡುವಯಸ್ಸು ದಾಟಿದ ಮೇಲೆ ರಮಾಬಾಯಿಯವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಇಡೀ ಗ್ರಂಥವನ್ನು ಸರಳ ಮರಾಠಿಗೆ ತರುವ ಕೆಲಸಕ್ಕೆ ಹತ್ತಾರು ವರ್ಷ ಹಿಡಿಯಿತು. ಪಂಡಿತರ ಸಭೆಯನ್ನು ಗೆದ್ದವರು ಅಕ್ಷರ ಬಲ್ಲ ಕೂಲಿಹೆಂಗಸಿಗೆ ಅರ್ಥವಾಗುವ ಮಾತನ್ನು ಹುಡುಕುತ್ತ ಕುಳಿತರು. ಸಂಸ್ಕೃತದ ಮೋಹ ಬಿಡುವುದು ಅವರಿಗೆ ಸುಲಭವಾಗಿರಲಾರದು. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು.

1921ರ ಜುಲೈಯಲ್ಲಿ ಮನೋರಮೆ ತೀರಿಕೊಂಡರು. ತಾಯಿ, ತಂದೆ, ಅಕ್ಕ, ಅಣ್ಣ, ಗಂಡ, ಈಗ ಒಬ್ಬಳೇ ಮಗಳು. ಆರೋಗ್ಯ ಕುಸಿದಿತ್ತು, ಕಿವಿ ಕೇಳುತ್ತಿರಲಿಲ್ಲ. ಆದರೂ ರಮಾಬಾಯಿಯವರು ಅಚ್ಚಿನ ಕರಡು ತಿದ್ದುವುದನ್ನು ನಿಲ್ಲಿಸಲಿಲ್ಲ. ಆ ಕೆಲಸ ಮುಗಿದ ಬೆನ್ನಲ್ಲೇ, 1922ರ ಏಪ್ರಿಲ್ 5ರಂದು, ಅವರು ಕೇಡಗಾಂವದಲ್ಲಿ ಕಣ್ಣು ಮುಚ್ಚಿದರು. ಗ್ರಂಥ ಹೊರಬಂದದ್ದು 1924ರಲ್ಲಿ. ಅದರ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದ್ದು ಮುಕ್ತಿ ಸದನದ ಹೆಣ್ಣುಮಕ್ಕಳ ಕೈಗಳು.